ಹೊರರಾಜ್ಯಕ್ಕೆ ಲೋಡು ಹೊರಡುವ ಮುನ್ನ

ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಲಾರಿ ಮಾಲೀಕರವು, ಕೆಲವು ಚಾಲಕರವು. ಕೇಳಿದ್ದು ಬೇರೆ ಬೇರೆಯಾದರೂ ಕಷ್ಟ ಬಂದು ನಿಲ್ಲುವುದು ಒಂದೇ ಕಡೆ. ಕಾಗದ ಸರಿಪಡಿಸಬೇಕಾದವರು ಊರಲ್ಲಿರುತ್ತಾರೆ. ಅದಕ್ಕೆ ಜವಾಬು ಕೊಡಬೇಕಾದವನು ಭಾಷೆ ಬಾರದ ರಾಜ್ಯದ ಹೆದ್ದಾರಿಯಲ್ಲಿ ಒಬ್ಬನೇ ಇರುತ್ತಾನೆ. ಆ ಚಾಲಕನನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಸಾಲ ಮಾಡಿ ಹತ್ತು ಚಕ್ರದ ಲಾರಿ ತೆಗೆದುಕೊಂಡಿದ್ದೇನೆ. ಇಷ್ಟು ದಿನ ರಾಜ್ಯದ ಒಳಗೇ ಓಡಿಸಿದೆ. ಈಗ ಮಹಾರಾಷ್ಟ್ರ, ಗುಜರಾತಿನ ಲೋಡು ಸಿಗುತ್ತಿದೆ. ನ್ಯಾಷನಲ್ ಪರ್ಮಿಟ್ ಮಾಡಿಸಲು ಒಬ್ಬೊಬ್ಬ ಏಜೆಂಟ್ ಒಂದೊಂದು ಮೊತ್ತ ಹೇಳುತ್ತಾರೆ. ಹೋಗುವ ಪ್ರತಿ ರಾಜ್ಯಕ್ಕೂ ಬೇರೆ ತೆರಿಗೆ ಕಟ್ಟಬೇಕು ಅಂತ ಒಬ್ಬರು ಹೆದರಿಸಿದ್ದಾರೆ. ನಿಜವೇ?
— ಲಾರಿ ಮಾಲೀಕರು, ಚಳ್ಳಕೆರೆ

ಉತ್ತರ: ಆ ಮಾತು 2010ಕ್ಕೆ ಮೊದಲಿನದು. ಆಗ ಹೋಗುವ ರಾಜ್ಯಗಳನ್ನು ಮೊದಲೇ ಆರಿಸಿ, ಒಂದೊಂದು ರಾಜ್ಯಕ್ಕೂ ವರ್ಷಕ್ಕೆ 5,000 ರೂಪಾಯಿಯಂತೆ ಕಟ್ಟಬೇಕಿತ್ತು. 2010ರ ಮೇ ತಿಂಗಳಲ್ಲಿ ಹೊಸ ಪದ್ಧತಿ ಬಂತು. ಇಡೀ ದೇಶಕ್ಕೆ ಒಂದೇ ಸಮಗ್ರ ಶುಲ್ಕ. ಆ ಹಣವನ್ನು ಕೇಂದ್ರವೇ ರಾಜ್ಯಗಳಿಗೆ ಹಂಚುತ್ತದೆ. ಶುರುವಿನಲ್ಲಿ ಅದು 15,000 ರೂಪಾಯಿ ಇತ್ತು, ಆಮೇಲೆ 16,500 ಆಯಿತು. ಅದರ ಜೊತೆಗೆ ಆಥರೈಸೇಷನ್ ಶುಲ್ಕ 1,000. ಎರಡೂ ಸೇರಿ ವರ್ಷಕ್ಕೆ 17,500. ಪರಿವಾಹನ್ ಪೋರ್ಟಲ್‌ನಲ್ಲಿ ನೀವೇ ಕಟ್ಟಿ ಪ್ರಿಂಟ್ ತೆಗೆದುಕೊಳ್ಳಬಹುದು. ಏಜೆಂಟ್ ಹೇಳುವ ಮೊತ್ತದಲ್ಲಿ ಇದರ ಮೇಲೆ ಏನೇನಿದೆ ಎಂದು ಬಿಡಿಸಿ ಬರೆಸಿಕೊಳ್ಳಿ.

ಹೊಸಬರು ಎಡವುವುದು ಇನ್ನೊಂದು ಕಡೆ. ನ್ಯಾಷನಲ್ ಪರ್ಮಿಟ್ ಅಂದರೆ ಎರಡು ಕಾಗದ. ಒಂದು, ನಮ್ಮ ಆರ್‌ಟಿಒ ಕೊಡುವ ಐದು ವರ್ಷದ ಪರ್ಮಿಟ್. ಇನ್ನೊಂದು, ವರ್ಷ ವರ್ಷ ಹೊಸದು ಮಾಡಿಸಬೇಕಾದ ಆಥರೈಸೇಷನ್. ಐದು ವರ್ಷದ ಕಾಗದ ನೋಡಿಕೊಂಡು ನಿಶ್ಚಿಂತೆಯಿಂದಿದ್ದು, ಆಥರೈಸೇಷನ್ ಮುಗಿದದ್ದನ್ನು ಗಮನಿಸದೆ ಗಾಡಿ ಕಳಿಸಿದರೆ ಗಡಿಯಾಚೆ ನಿಮ್ಮ ಹತ್ತಿರ ಪರ್ಮಿಟ್ ಇಲ್ಲದ ಹಾಗೆಯೇ ಲೆಕ್ಕ. ಮೋಟಾರು ವಾಹನ ಕಾಯ್ದೆಯ 192ಎ ಕಲಮಿನಲ್ಲಿ ಪರ್ಮಿಟ್ ಇಲ್ಲದೆ ಓಡಿಸಿದ್ದಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಎರಡೂ ಇದೆ. ಅದಕ್ಕಿಂತ ದೊಡ್ಡ ಪೆಟ್ಟು ಅಪಘಾತವಾದಾಗ ಬೀಳುತ್ತದೆ. ಪರ್ಮಿಟ್ಟೇ ಇಲ್ಲದ ವಾಹನದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು ಇದು: ವಿಮಾ ಕಂಪನಿ ಸಂತ್ರಸ್ತರಿಗೆ ಪರಿಹಾರ ಕೊಡಲಿ, ಆಮೇಲೆ ಆ ಹಣವನ್ನು ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ. ಪ್ರೀಮಿಯಂ ತಪ್ಪದೆ ಕಟ್ಟಿದ್ದರೂ ಮನೆ ಮಾರುವ ಪರಿಸ್ಥಿತಿ ಬರಬಹುದು.

ವಯಸ್ಸಿನ ಮಿತಿಯೂ ಇದೆ. ಎರಡು ಆಕ್ಸಲ್‌ನ ಆರು ಚಕ್ರದ ಗಾಡಿಗೆ 12 ವರ್ಷ ತುಂಬಿದರೆ ನ್ಯಾಷನಲ್ ಪರ್ಮಿಟ್ ಸಿಗುವುದಿಲ್ಲ, ಇದ್ದದ್ದೂ ನಡೆಯುವುದಿಲ್ಲ. ಎರಡಕ್ಕಿಂತ ಹೆಚ್ಚು ಆಕ್ಸಲ್ ಇದ್ದರೆ 15 ವರ್ಷ. ನಿಮ್ಮದು ಹತ್ತು ಚಕ್ರ, ಹಾಗಾಗಿ 15 ವರ್ಷದ ಲೆಕ್ಕ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಆರ್‌ಸಿ ನೋಡಿ ಉಳಿದ ವರ್ಷ ಎಣಿಸಿ. ಎಫ್‌ಸಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಇನ್ಶೂರೆನ್ಸ್, ಎಮಿಷನ್, ಫಾಸ್ಟ್‌ಟ್ಯಾಗ್ ಇರಲೇಬೇಕು. ಕರ್ನಾಟಕದ ರಸ್ತೆ ತೆರಿಗೆ ಎಂದಿನಂತೆ ಇಲ್ಲಿಯೇ ಕಟ್ಟುತ್ತಿರಿ. ಈ ಎಲ್ಲದರ ಕೊನೆಯ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ಕ್ಯಾಬಿನ್ನಿನಲ್ಲಿ ಅಂಟಿಸಿ. ಅದು ಚಾಲಕನ ಕಣ್ಣಿಗೆ ಬೀಳುತ್ತಿರಬೇಕು. ಮುಗಿದ ಕಾಗದದ ಗಾಡಿಯನ್ನು ಹೊರಗೆ ತೆಗೆಯುವುದಿಲ್ಲ ಎಂದು ಹೇಳುವ ಹಕ್ಕು ಅವನಿಗಿರಬೇಕು.

ಪ್ರಶ್ನೆ: ಎನ್‌ಎಲ್ ನಂಬರಿನ, ಅಂದರೆ ನಾಗಾಲ್ಯಾಂಡ್ ರಿಜಿಸ್ಟ್ರೇಷನ್ನಿನ ಟ್ರೇಲರ್ ಒಂದು ಒಳ್ಳೆಯ ರೇಟಿಗೆ ಬಂದಿದೆ. ನ್ಯಾಷನಲ್ ಪರ್ಮಿಟ್ ಚಾಲ್ತಿಯಲ್ಲಿದೆ. ಬಂದರಿನಿಂದ ಬೆಂಗಳೂರಿಗೆ ಕಂಟೇನರ್ ಹೊಡೆಸುವ ಯೋಚನೆ. "ಆಲ್ ಇಂಡಿಯಾ ಪರ್ಮಿಟ್ ಇದ್ದ ಮೇಲೆ ಇಂಡಿಯಾದಲ್ಲಿ ಎಲ್ಲಿ ಬೇಕಾದರೂ ಓಡಿಸಬಹುದು" ಅಂತ ಮಾರುವವರು ಹೇಳುತ್ತಾರೆ.
— ಟ್ರಾನ್ಸ್‌ಪೋರ್ಟ್ ಕಚೇರಿ ನಡೆಸುವವರು, ಮಂಗಳೂರು

ಉತ್ತರ: ಮುಂಗಡ ಕೊಟ್ಟಿಲ್ಲವಾದರೆ ಕೊಡಬೇಡಿ. ನೀವು ಮಾಡಬೇಕೆಂದಿರುವ ಕೆಲಸಕ್ಕೆ ಆ ಪರ್ಮಿಟ್ ಆಗಿಬರುವುದಿಲ್ಲ.

ನ್ಯಾಷನಲ್ ಪರ್ಮಿಟ್ ಕೊಟ್ಟ ರಾಜ್ಯವನ್ನು ಕಾನೂನು 'ಹೋಮ್ ಸ್ಟೇಟ್' ಎನ್ನುತ್ತದೆ. ಆ ಗಾಡಿಯ ಹೋಮ್ ಸ್ಟೇಟ್ ನಾಗಾಲ್ಯಾಂಡ್. ಅದು ನಾಗಾಲ್ಯಾಂಡಿನ ಒಳಗೆ ಎಲ್ಲಿಂದ ಎಲ್ಲಿಗಾದರೂ ಸರಕು ಒಯ್ಯಬಹುದು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೂ ಒಯ್ಯಬಹುದು. ಆದರೆ ಹೋಮ್ ಸ್ಟೇಟ್ ಅಲ್ಲದ ರಾಜ್ಯದಲ್ಲಿ, ಅಲ್ಲಿಯೇ ತುಂಬಿ ಅಲ್ಲಿಯೇ ಇಳಿಸುವಂತಿಲ್ಲ. ಪಣಂಬೂರಿನಲ್ಲಿ ತುಂಬಿ ಚೆನ್ನೈಯಲ್ಲಿ ಇಳಿಸಿದರೆ ಸರಿ. ಪಣಂಬೂರಿನಲ್ಲಿ ತುಂಬಿ ವೈಟ್‌ಫೀಲ್ಡಿನಲ್ಲಿ ಇಳಿಸಿದರೆ ಪರ್ಮಿಟ್ ಷರತ್ತಿನ ಉಲ್ಲಂಘನೆ. ಎರಡೂ ಊರಿನ ಹೆಸರು ಬಿಲ್ಟಿಯಲ್ಲಿ, ಇ-ವೇ ಬಿಲ್ಲಿನಲ್ಲಿ ಇದ್ದೇ ಇರುತ್ತದೆ. ಗಾಡಿಯ ನಂಬರ್ ಪ್ಲೇಟನ್ನೂ ಆ ಕಾಗದವನ್ನೂ ಒಟ್ಟಿಗೆ ನೋಡಿದರೆ ಇನ್‌ಸ್ಪೆಕ್ಟರಿಗೆ ಇನ್ನೇನೂ ಕೇಳಬೇಕಾಗಿಲ್ಲ.

ಈ ನಿಯಮ ಇರುವುದಕ್ಕೆ ಕಾರಣವಿದೆ. ಒಂದೊಂದು ರಾಜ್ಯದ ತೆರಿಗೆ ಒಂದೊಂದು ಥರ. ಕಡಿಮೆ ತೆರಿಗೆಯ ಕಡೆ ನೋಂದಾಯಿಸಿ ಇಲ್ಲಿ ಸ್ಥಳೀಯ ಬಾಡಿಗೆಗೆ ನಿಂತ ಗಾಡಿಗಳ ಎದುರು, ಇಲ್ಲಿಯೇ ತೆರಿಗೆ ಕಟ್ಟಿದ ಒಂದೇ ಲಾರಿಯ ಮಾಲೀಕ ಹೇಗೆ ಬಾಡಿಗೆ ಹೊಂದಿಸಿಕೊಳ್ಳಬೇಕು? ಚಿಕ್ಕ ಮಾಲೀಕರ ಹೊಟ್ಟೆಯ ಮೇಲೆ ಹೊಡೆಯುವ ಈ ಪದ್ಧತಿಯನ್ನು ನಾನು ಒಪ್ಪುವುದಿಲ್ಲ.

ಗಾಡಿ ನಿಜಕ್ಕೂ ಚೆನ್ನಾಗಿದ್ದರೆ ದಾರಿ ಇದೆ. ನಾಗಾಲ್ಯಾಂಡಿನ ಪರ್ಮಿಟ್ಟನ್ನು ಮಾರುವವರೇ ಒಪ್ಪಿಸಲಿ. ಸಾಲ ತೀರಿದ್ದರೆ ಫಾರಂ 35ರಲ್ಲಿ ಹೈಪೋಥಿಕೇಷನ್ ತೆಗೆಸಲಿ, ಫಾರಂ 28ರಲ್ಲಿ ಎನ್‌ಒಸಿ ತರಲಿ. ಅದು ಕೈಗೆ ಬಂದ ಮೇಲೆ ನೀವು ಇಲ್ಲಿ ಫಾರಂ 27 ಹಾಕಿ, ಕರ್ನಾಟಕದ ತೆರಿಗೆ ಕಟ್ಟಿ, ಕೆಎ ನಂಬರ್ ಪಡೆದು ಹೊಸದಾಗಿ ಪರ್ಮಿಟ್ ತೆಗೆದುಕೊಳ್ಳಿ. ಹೇಗಿದ್ದರೂ ಬೇರೆ ರಾಜ್ಯದ ವಾಹನವನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನೋಂದಣಿ ಕಡ್ಡಾಯ. ಈ ಎಲ್ಲ ಖರ್ಚು ಸೇರಿಸಿದ ಮೇಲೂ ರೇಟು ಒಳ್ಳೆಯದೆನಿಸಿದರೆ ಕೊಳ್ಳಿ.

ಪ್ರಶ್ನೆ: ನಮ್ಮ ಮಂಡಿಯಿಂದ ಅಹಮದಾಬಾದಿಗೆ ಅಡಿಕೆ ಕಳಿಸಿದ್ದೆವು. ಕೊಲ್ಹಾಪುರ ದಾಟಿದ ಮೇಲೆ ಗೇರ್‌ಬಾಕ್ಸ್ ಹೋಗಿ ಗಾಡಿ ಎರಡು ದಿನ ನಿಂತಿತು. ಟ್ರಾನ್ಸ್‌ಪೋರ್ಟಿನವರು ಮೂಟೆಗಳನ್ನು ಬೇರೆ ಲಾರಿಗೆ ಹಾಕಿ ಕಳಿಸಿದರು. ಇ-ವೇ ಬಿಲ್ಲಿನಲ್ಲಿ ಹಳೆಯ ನಂಬರೇ ಇತ್ತು, ಅವಧಿಯೂ ಮುಗಿದಿತ್ತು. ತಡೆದು ನಿಲ್ಲಿಸಿದರು. ಕದ್ದ ಮಾಲೇನೂ ಅಲ್ಲ, ಬಿಲ್ ಇದೆ, ತೆರಿಗೆ ಇದೆ. ಇಷ್ಟು ದಂಡ ಯಾಕೆ? ಮುಂದೆ ಏನು ಮಾಡಬೇಕು?
— ಅಡಿಕೆ ವ್ಯಾಪಾರಿ, ಸಾಗರ

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಇ-ವೇ ಬಿಲ್ಲನ್ನು ಹಲವರು ಬಿಲ್ಲಿನ ಜೊತೆಗೆ ಹೋಗುವ ಇನ್ನೊಂದು ಪ್ರತಿ ಅಂದುಕೊಂಡಿದ್ದಾರೆ. ಆದರೆ ಅದು ಇಂಥ ಮಾಲು, ಇಂಥ ಗಾಡಿಯಲ್ಲಿ, ಇಂಥ ದಿನದೊಳಗೆ ಎಂದು ಸರ್ಕಾರಕ್ಕೆ ಕೊಟ್ಟ ಹೇಳಿಕೆ. ಗಾಡಿ ಬದಲಾದರೆ, ದಿನ ದಾಟಿದರೆ ಹೇಳಿಕೆ ತಪ್ಪಾಗುತ್ತದೆ.

ಮೊದಲು ಅವಧಿ. 200 ಕಿ.ಮೀ.ಗೆ ಒಂದು ದಿನ. 2021ರಿಂದ ಈ ಲೆಕ್ಕ, ಅದಕ್ಕೆ ಮುಂಚೆ 100 ಕಿ.ಮೀ. ಇತ್ತು. ದೂರ 1,200 ಕಿ.ಮೀ. ಅಂತ ಇಟ್ಟುಕೊಳ್ಳಿ, ಆರು ದಿನ ಸಿಗುತ್ತದೆ. 4ನೇ ತಾರೀಖು ಸಂಜೆ ಬಿಲ್ ಮಾಡಿದರೆ ಮೊದಲ ದಿನ ಮುಗಿಯುವುದು 5ನೇ ತಾರೀಖಿನ ಮಧ್ಯರಾತ್ರಿ. ಹಾಗೆ ಎಣಿಸುತ್ತ ಹೋದರೆ 10ರ ಮಧ್ಯರಾತ್ರಿಯವರೆಗೆ ಸಮಯ. ನಡುವೆ ಗಾಡಿ ಕೆಟ್ಟರೆ, ಅವಧಿ ಮುಗಿಯುವ ಎಂಟು ಗಂಟೆ ಮುಂಚಿನಿಂದ ಮುಗಿದ ಎಂಟು ಗಂಟೆಯೊಳಗೆ ಕಾರಣ ತೋರಿಸಿ ವಿಸ್ತರಿಸಿಕೊಳ್ಳಬಹುದು. ಈ ಹದಿನಾರು ಗಂಟೆಯಲ್ಲಿ ಯಾರೋ ಒಬ್ಬರು ಪೋರ್ಟಲ್ ತೆರೆದು ಕೂರಬೇಕು. ಚಾಲಕ ಗ್ಯಾರೇಜಿನಲ್ಲಿ ನಿಂತು ಇದನ್ನು ಮಾಡಲಾರ. ಅದು ಟ್ರಾನ್ಸ್‌ಪೋರ್ಟ್ ಕಚೇರಿಯವರ ಕೆಲಸ, ಅವರು ಮಾಡಿದ್ದಾರೋ ಇಲ್ಲವೋ ಎಂದು ವಿಚಾರಿಸುವುದು ನಿಮ್ಮ ಕೆಲಸ.

ಎರಡನೆಯದು ಗಾಡಿ. ಬಿಲ್ಲಿನ 'ಪಾರ್ಟ್ ಬಿ'ಯಲ್ಲಿ ಲಾರಿ ನಂಬರ್ ಇರುತ್ತದೆ. ಮೂಟೆ ಬೇರೆ ಲಾರಿಗೆ ಏರಿದರೆ, ಆ ಲಾರಿ ಕದಲುವ ಮುಂಚೆ ಹೊಸ ನಂಬರ್ ಹಾಕಬೇಕು. ಐದು ನಿಮಿಷದ ಕೆಲಸ.

ದಂಡದ ಲೆಕ್ಕ ಹೀಗೆ: ಜಿಎಸ್‌ಟಿ ಕಾಯ್ದೆಯ 129ನೇ ಕಲಮಿನಲ್ಲಿ ಮಾಲಿನ ಒಡೆಯರು ಮುಂದೆ ಬಂದರೆ ತೆರಿಗೆಯ 200 ಶೇಕಡ. ಒಣ ಅಡಿಕೆಗೆ ತೆರಿಗೆ 5 ಶೇಕಡ. 20 ಲಕ್ಷದ ಮಾಲಾದರೆ ತೆರಿಗೆ 1 ಲಕ್ಷ, ದಂಡ 2 ಲಕ್ಷ. ಒಡೆಯರು ಬಾರದೆ ಕೈಬಿಟ್ಟರೆ ಮಾಲಿನ ಬೆಲೆಯ ಅರ್ಧ ಅಥವಾ ತೆರಿಗೆಯ 200 ಶೇಕಡ, ಯಾವುದು ಹೆಚ್ಚೋ ಅದು. ಅದೇ ಮಾಲಿಗೆ 10 ಲಕ್ಷ. ಆದ್ದರಿಂದ ಫೋನ್ ಬಂದ ಕೂಡಲೇ ಇನ್‌ವಾಯ್ಸ್ ಹಿಡಿದು "ಮಾಲು ನಮ್ಮದು" ಎಂದು ಲಿಖಿತವಾಗಿ ಹೇಳಿಕೊಳ್ಳಿ. ತಡೆದ ಏಳು ದಿನದೊಳಗೆ ಅವರು ನೋಟಿಸ್ ಕೊಡಬೇಕು, ನೋಟಿಸ್ ಕೊಟ್ಟ ಏಳು ದಿನದೊಳಗೆ ಆದೇಶ ಮಾಡಬೇಕು. ಗೇರ್‌ಬಾಕ್ಸ್ ರಿಪೇರಿ ಬಿಲ್, ಗ್ಯಾರೇಜಿನವರ ಪತ್ರ, ಗಾಡಿ ನಿಂತಿದ್ದ ಫೋಟೊ ಎಲ್ಲವನ್ನೂ ನೋಟಿಸಿನ ಉತ್ತರಕ್ಕೆ ಲಗತ್ತಿಸಿ. ಆದೇಶ ಒಪ್ಪಿಗೆಯಾಗದಿದ್ದರೆ ದಂಡದ 25 ಶೇಕಡ ಕಟ್ಟಿ ಮೇಲ್ಮನವಿ ಹೋಗಬಹುದು.

ಲಾರಿ ಮಾಲೀಕರಿಗೂ ಒಂದು ಮಾತು. ಮಾಲಿನ ಜಗಳ ಮುಗಿಯುವವರೆಗೆ ಗಾಡಿ ಕೊಳೆಯಲಿ ಎಂದು ಬಿಡಬೇಕಾಗಿಲ್ಲ. ಆದೇಶದ ದಂಡ ಅಥವಾ 1 ಲಕ್ಷ ರೂಪಾಯಿ, ಯಾವುದು ಕಡಿಮೆಯೋ ಅದನ್ನು ಕಟ್ಟಿ ಗಾಡಿ ಬಿಡಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ.

ತಡೆದ ಜಾಗದಲ್ಲಿ ಮೊಟ್ಟಮೊದಲು ಬರೆಸಿಕೊಳ್ಳುವುದು ಚಾಲಕನ ಹೇಳಿಕೆ, ಎಂಒವಿ-01 ಎಂಬ ಫಾರಂ. ಮುಂದಿನ ಇಡೀ ಪ್ರಕರಣ ಅದರ ಮೇಲೆ ನಿಲ್ಲುತ್ತದೆ. ಅವನಿಗೆ ಅರ್ಥವಾಗದ ಭಾಷೆಯಲ್ಲಿ ಬರೆದಿದ್ದರೆ ಓದಿ ಹೇಳಿಸಿಕೊಂಡೇ ಸಹಿ ಹಾಕಬೇಕು, ಗಾಡಿ ಕೆಟ್ಟ ವಿಷಯ ಅದರಲ್ಲಿ ಬರಲೇಬೇಕು. ಇದನ್ನು ಹೊರಡುವ ಮುಂಚೆಯೇ ಅವನಿಗೆ ಹೇಳಿಕೊಟ್ಟಿರಿ.

ಬರಿಯ ಅಕ್ಷರದೋಷವಾಗಿದ್ದರೆ ಇಷ್ಟೆಲ್ಲ ಇಲ್ಲ. ಲಾರಿ ನಂಬರಿನಲ್ಲಿ ಒಂದೆರಡು ಅಂಕಿ ತಪ್ಪಾಗಿದ್ದರೆ 129ನೇ ಕಲಮು ಹಾಕಬಾರದು, ಅಂತರರಾಜ್ಯ ಸಾಗಣೆಯಲ್ಲಿ 1,000 ರೂಪಾಯಿ ದಂಡ ಸಾಕು ಎಂದು 2018ರ ಸೆಪ್ಟೆಂಬರ್ 14ರ ಸುತ್ತೋಲೆ ಇದೆ. ಅದರ ಸಂಖ್ಯೆ 64. ಒಂದು ಪ್ರತಿ ಗಾಡಿಯಲ್ಲಿಟ್ಟರೆ ಒಳ್ಳೆಯದು. ಆದರೆ ನಿಮ್ಮದು ಗಾಡಿಯೇ ಬದಲಾದ ಪ್ರಕರಣ, ಈ ಸುತ್ತೋಲೆ ಅದಕ್ಕೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಚಿಕ್ಕ ಪಿಕಪ್ ಇದೆ. ಸುಲ್ತಾನ್ ಬತ್ತೇರಿಗೆ ತರಕಾರಿ ಒಯ್ಯುತ್ತೇನೆ. ನನಗೂ ನ್ಯಾಷನಲ್ ಪರ್ಮಿಟ್, ಇ-ವೇ ಬಿಲ್ ಬೇಕೇ?
— ಪಿಕಪ್ ಚಾಲಕರು, ಗುಂಡ್ಲುಪೇಟೆ

ಉತ್ತರ: ಆರ್‌ಸಿಯಲ್ಲಿ ಒಟ್ಟು ತೂಕ, ಅಂದರೆ ಗಾಡಿ ಮತ್ತು ಲೋಡು ಸೇರಿ, 3,000 ಕೆ.ಜಿ. ದಾಟದಿದ್ದರೆ ಪರ್ಮಿಟ್ಟೇ ಬೇಡ. ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನ ವಿನಾಯಿತಿ ಅದು. ಕೆಲವು ಪಿಕಪ್‌ಗಳು 3,000ಕ್ಕಿಂತ ಸ್ವಲ್ಪ ಮೇಲಿರುತ್ತವೆ, ಅಂದಾಜು ಬೇಡ, ಆರ್‌ಸಿ ನೋಡಿ. ಪರ್ಮಿಟ್ ಬೇಡವೆಂದ ಮಾತ್ರಕ್ಕೆ ಆ ರಾಜ್ಯದ ತೆರಿಗೆ ಬೇಡವೆಂದಲ್ಲ. ಪರಿವಾಹನ್ ಪೋರ್ಟಲಿನ ಚೆಕ್‌ಪೋಸ್ಟ್ ತೆರಿಗೆ ವಿಭಾಗದಲ್ಲಿ ಗಾಡಿ ನಂಬರ್ ಹಾಕಿ ನೋಡಿಕೊಂಡು ಹೊರಡಿ.

ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ, ಇ-ವೇ ಬಿಲ್ಲೂ ಬೇಡ. ಮಾರುಕಟ್ಟೆಯ ಬಿಲ್ಲೋ ಚಲನ್ನೋ ಕೈಯಲ್ಲಿರಲಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೊರಗಿನ ಊರುಗಳಿಂದ ಈ ದಾರಿಯಲ್ಲಿ ಲೋಡು ಕಳಿಸುವವರು ಮಾತ್ರ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ತಡವಾಯಿತೆಂದು ಚಾಲಕನ ಬಾಡಿಗೆ ಮುರಿಯುತ್ತಾರೆ. ಹಾಗೆ ಮಾಡಬಾರದು.

ಪ್ರಶ್ನೆ: ನಾನು ಚಾಲಕ. ತೋರಣಗಲ್ಲಿನಿಂದ ತಮಿಳುನಾಡಿಗೆ ಕಬ್ಬಿಣದ ಲೋಡು. ಪಾಸಿಂಗಿಗಿಂತ ಮೂರು ನಾಲ್ಕು ಟನ್ ಜಾಸ್ತಿ ಹಾಕುತ್ತಾರೆ. ಬೇಡ ಅಂದರೆ "ಬೇರೆ ಡ್ರೈವರ್ ಬರ್ತಾನೆ" ಅಂತಾರೆ ಸಾಹುಕಾರರು. ಹಿಡಿದರೆ ಕೇಸು ನನ್ನ ಮೇಲಾ, ಅವರ ಮೇಲಾ?
— ಹೆಸರು ಬೇಡ, ಹೊಸಪೇಟೆ

ಉತ್ತರ: ಇಬ್ಬರ ಮೇಲೂ. 194ನೇ ಕಲಮು "ಓಡಿಸಿದವರು" ಎಂದಷ್ಟೇ ಹೇಳಿ ಸುಮ್ಮನಾಗಿಲ್ಲ; ಓಡಿಸಲು ಹಚ್ಚಿದವರನ್ನೂ, ಓಡಿಸಲು ಬಿಟ್ಟವರನ್ನೂ ಸೇರಿಸಿದೆ. 113ನೇ ಕಲಮು ಇನ್ನೂ ಸ್ಪಷ್ಟವಾಗಿದೆ. ಚಾಲಕ ಬೇರೆ, ಮಾಲೀಕ ಬೇರೆಯಾಗಿದ್ದರೆ, ಈ ತಪ್ಪು ಮಾಲೀಕನಿಗೆ ಗೊತ್ತಿದ್ದೇ ಅಥವಾ ಅವನ ಅಪ್ಪಣೆಯಿಂದಲೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಬಹುದು. ಈ ಸಾಲನ್ನು ನಿಮ್ಮ ಸಾಹುಕಾರರಿಗೆ ಓದಿ ಹೇಳಿ.

ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ನಾಲ್ಕು ಟನ್ನಿಗೆ 28,000. ಇಳಿಸುವ ಕೂಲಿ ಬೇರೆ. ದಂಡ ಕಟ್ಟಿದೆವು, ಇನ್ನು ಹೊರಡೋಣ ಎನ್ನುವಂತಿಲ್ಲ. ಹೆಚ್ಚಿನ ಮಾಲು ಇಳಿಸದೆ ಗಾಡಿ ಕದಲುವಂತಿಲ್ಲ. ಸುಪ್ರೀಂ ಕೋರ್ಟ್ 2005ರಲ್ಲೇ ಇದನ್ನು ಖಚಿತಪಡಿಸಿದೆ. ಕಬ್ಬಿಣದ ಸರಕನ್ನು ಹೆದ್ದಾರಿ ಪಕ್ಕ ಇಳಿಸುವುದು ಅಂದರೆ ಕ್ರೇನ್ ಬೇಕು, ಇನ್ನೊಂದು ಲಾರಿ ಬೇಕು, ಅದಕ್ಕೆ ಬೇರೆ ಇ-ವೇ ಬಿಲ್ಲಿನ ತಾಪತ್ರಯ. ತೂಕ ಹಾಕಿಸಲು ಒಪ್ಪದೆ ಗಾಡಿ ಓಡಿಸಿಕೊಂಡು ಹೋದರೆ ದಂಡ 40,000. ಟನ್ನಿಗೆ ಸಿಗುವ ಹೆಚ್ಚುವರಿ ಬಾಡಿಗೆ ಇದರ ಮುಂದೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿ ಏರಿಸಿದೆ. ಆರು ಚಕ್ರದ ಗಾಡಿ 16.2 ಟನ್ನಿನಿಂದ 18.5ಕ್ಕೆ, ಹತ್ತು ಚಕ್ರದ್ದು 25ರಿಂದ 28.5ಕ್ಕೆ ಹೋಯಿತು. ಅದನ್ನು ಹಿಡಿದುಕೊಂಡು ಹಳೆಯ ಗಾಡಿಗೂ ಹೊಸ ತೂಕ ತುಂಬುವವರಿದ್ದಾರೆ. ನಿಮ್ಮ ಆರ್‌ಸಿಯಲ್ಲಿ ಬರೆದದ್ದೇ ನಿಮ್ಮ ಮಿತಿ.

ನಿಮಗೆ ನನ್ನ ಸಲಹೆ ಇಷ್ಟು. ಲೋಡಾದ ಕೂಡಲೇ ವೇಬ್ರಿಜ್ ಚೀಟಿಯ ಫೋಟೊ ತೆಗೆದು ಸಾಹುಕಾರರಿಗೆ ವಾಟ್ಸಾಪ್ ಮಾಡಿ, "ಇಷ್ಟು ಟನ್ ಜಾಸ್ತಿ ಇದೆ, ಇಳಿಸಲಿ" ಎಂದು ಬರೆಯಿರಿ. ಅವರ ಉತ್ತರ ಏನೇ ಇರಲಿ, ಅಳಿಸಬೇಡಿ. ನಾಳೆ ಲೈಸೆನ್ಸ್ ಅಮಾನತು ಮಾಡುವ ಮಾತು ಬಂದರೆ ಅದು ನಿಮ್ಮ ಕೈಯಲ್ಲಿರುವ ಆಧಾರ. ನಾಲ್ಕು ಟನ್ ಹೆಚ್ಚು ತುಂಬಿದ ಗಾಡಿ ಇಳಿಜಾರಿನಲ್ಲಿ ಬ್ರೇಕಿಗೆ ಹೇಗೆ ಸ್ಪಂದಿಸುತ್ತದೆಂದು ನಿಮಗೆ ಗೊತ್ತು. ಮುಂದೆ ಹೋಗುವ ಬೈಕಿನವನಿಗೆ ಗೊತ್ತಿರುವುದಿಲ್ಲ.

ಪ್ರಶ್ನೆ: ಇಂಡಿಯಿಂದ ದೆಹಲಿಗೆ ನಿಂಬೆಹಣ್ಣು ಹೊಡೆಯುವ ಬಿಎಸ್-4 ಗಾಡಿ ನಮ್ಮದು. ಇನ್ನು ದೆಹಲಿಗೆ ಬಿಡುವುದಿಲ್ಲ ಅನ್ನುತ್ತಾರೆ.
— ಲಾರಿ ಮಾಲೀಕರು, ವಿಜಯಪುರ ಜಿಲ್ಲೆ

ಉತ್ತರ: ದೆಹಲಿಯಲ್ಲಿ ನೋಂದಣಿಯಾಗದ ಬಿಎಸ್-3 ಮತ್ತು ಅದಕ್ಕಿಂತ ಹಳೆಯ ಸರಕು ವಾಹನಗಳಿಗೆ 2025ರ ನವೆಂಬರ್ 1ರಿಂದ ಪ್ರವೇಶವಿಲ್ಲ. ಬಿಎಸ್-4ಕ್ಕೆ 2026ರ ಅಕ್ಟೋಬರ್ 31ರವರೆಗೆ ಅವಕಾಶ ಕೊಟ್ಟಿದ್ದಾರೆ. ಚಳಿಗಾಲದಲ್ಲಿ ಹೊಗೆ ವಿಪರೀತವಾದಾಗ ಹಾಕುವ ನಿರ್ಬಂಧಗಳು ಬೇರೆ. ಅವು ರಾತ್ರೋರಾತ್ರಿ ಜಾರಿಯಾಗುತ್ತವೆ, ಆದ್ದರಿಂದ ಆ ತಿಂಗಳುಗಳಲ್ಲಿ ಲೋಡು ಒಪ್ಪಿಕೊಳ್ಳುವ ಮುಂಚೆ ಆಜಾದ್‌ಪುರದ ದಲ್ಲಾಳಿಯನ್ನು ವಿಚಾರಿಸಿ. 2015ರಿಂದ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಪರಿಸರ ಪರಿಹಾರ ಶುಲ್ಕವೂ ಇದೆ, ಆರ್‌ಎಫ್‌ಐಡಿ ಟ್ಯಾಗಿಗೆ ಮೊದಲೇ ಹಣ ತುಂಬಿರಬೇಕು. ತರಕಾರಿ ಹಣ್ಣಿಗಿದ್ದ ವಿನಾಯಿತಿ 2025ರಲ್ಲಿ ಹೋಯಿತು, ಬಾಡಿಗೆ ಮಾತಾಡುವಾಗ ಅದನ್ನು ಸೇರಿಸಿಕೊಳ್ಳಿ. ಸರಕು ದೆಹಲಿಗಲ್ಲದೆ ಅದರಾಚೆಗೆ ಹೋಗುವುದಾದರೆ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇ ಹಿಡಿದು ಊರ ಹೊರಗಿನಿಂದಲೇ ಹೋಗಿ.

ಪ್ರಶ್ನೆ: ನಮ್ಮ ಯಜಮಾನರು ಲಾರಿ ಓಡಿಸುತ್ತಾರೆ. ಈ ಸಲ ದಿಮಾಪುರಕ್ಕೆ ಲೋಡು ಇದೆ ಅಂತಾರೆ. ಒರಿಜಿನಲ್ ಕಾಗದಗಳೆಲ್ಲ ಮಾಲೀಕರ ಹತ್ತಿರ, ಇವರ ಫೋನಿನಲ್ಲಿ ಫೋಟೊ ಮಾತ್ರ. ಅಷ್ಟು ದೂರ ಹೀಗೆ ಹೋಗಬಹುದಾ?
— ಗೃಹಿಣಿ, ದಾವಣಗೆರೆ

ಉತ್ತರ: ಫೋಟೊ ನಂಬಿಕೊಂಡು ಕಳಿಸಬೇಡಿ, ತಾಯಿ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿ ತೋರಿಸುವ ಆರ್‌ಸಿ, ಲೈಸೆನ್ಸ್‌ಗಳಿಗೆ ಒರಿಜಿನಲ್ಲಿನಷ್ಟೇ ಬೆಲೆ ಇದೆ, ಯಾವ ರಾಜ್ಯದವರೂ ಒಲ್ಲೆ ಎನ್ನುವಂತಿಲ್ಲ. ವಾಟ್ಸಾಪಿನಲ್ಲಿ ಬಂದ ಫೋಟೊಗೆ ಆ ಬೆಲೆ ಇಲ್ಲ. ಆ್ಯಪ್ ಹಾಕಿಸಿ, ನೆಟ್‌ವರ್ಕ್ ಸಿಗದ ಕಡೆಗೆಂದು ಆರ್‌ಸಿ, ಪರ್ಮಿಟ್, ಆಥರೈಸೇಷನ್, ಎಫ್‌ಸಿ, ಇನ್ಶೂರೆನ್ಸ್, ಎಮಿಷನ್ ಇಷ್ಟರದ್ದೂ ಪ್ರಿಂಟ್ ತೆಗೆಸಿ ಒಂದು ಫೈಲಿನಲ್ಲಿ ಹಾಕಿಕೊಡಲು ಮಾಲೀಕರಿಗೆ ಹೇಳಿ.

ದಿಮಾಪುರಕ್ಕೆ ಗಾಡಿಯ ಪರ್ಮಿಟ್ ಸಾಲದು, ಮನುಷ್ಯನಿಗೂ ಪರವಾನಗಿ ಬೇಕು. ಅದಕ್ಕೆ ಇನ್ನರ್ ಲೈನ್ ಪರ್ಮಿಟ್ ಎನ್ನುತ್ತಾರೆ. ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರ ನಾಲ್ಕಕ್ಕೂ ಇದು ಅನ್ವಯಿಸುತ್ತದೆ. ದಿಮಾಪುರಕ್ಕೆ ಮೊದಲು ವಿನಾಯಿತಿ ಇತ್ತು, 2019ರ ಡಿಸೆಂಬರಿನಲ್ಲಿ ಅದು ಹೋಯಿತು. ಹಳೆಯ ಚಾಲಕರು "ಅಲ್ಲಿಗೆ ಏನೂ ಬೇಡ" ಎನ್ನುವುದು ಆ ಕಾಲದ ಅನುಭವದಿಂದ. ನಿಮ್ಮ ಯಜಮಾನರ ಹೆಸರಲ್ಲಿ ಒಂದು, ಕ್ಲೀನರ್ ಹುಡುಗನ ಹೆಸರಲ್ಲಿ ಇನ್ನೊಂದು, ಎರಡೂ ಹೊರಡುವ ಮುಂಚೆಯೇ ಆನ್‌ಲೈನಿನಲ್ಲಿ ಆಗಬೇಕು. ಅದರ ಖರ್ಚು ಮಾಲೀಕರದು.

ದಾರಿಯಲ್ಲಿ ಯಾರಾದರೂ ಲೈಸೆನ್ಸ್ ಕಿತ್ತಿಟ್ಟುಕೊಂಡರೆ ರಸೀದಿ ಕೇಳಬೇಕು. ಅದನ್ನು ಕೊಡುವುದು ಅಧಿಕಾರಿಯ ಕರ್ತವ್ಯ, ಅದರಲ್ಲಿ ಬರೆದ ದಿನದವರೆಗೆ ಗಾಡಿ ಓಡಿಸಲು ಅದೇ ಲೈಸೆನ್ಸಿನಂತೆ ನಡೆಯುತ್ತದೆ. ದಂಡ ಕಟ್ಟಿದರೆ ಚಲನ್ ಬೇಕು. ರಸೀದಿ ಕೊಡದೆ ಕೇಳುವ ದುಡ್ಡಿಗೆ ಅವರು ಒಪ್ಪದೆ, ಅಲ್ಲಿಂದಲೇ ಮಾಲೀಕರಿಗೆ ಫೋನ್ ಹಚ್ಚಿ ಅಧಿಕಾರಿಗೆ ಕೊಡಲಿ. ರಾತ್ರಿ ಎಷ್ಟು ಹೊತ್ತಾದರೂ ಫೋನ್ ತೆಗೆಯುತ್ತೇನೆಂದು ಮಾಲೀಕರಿಂದ ಮಾತು ತೆಗೆದುಕೊಂಡ ಮೇಲೆ ಲೋಡು ಒಪ್ಪಿಕೊಳ್ಳಲಿ.